ಗೆದ್ದೆತ್ತಿನ ಬಾಲಕ್ಕೆ ಎಷ್ಟು ಕೈ

(ಮೊನ್ನೆ ಒಂದು ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ ಇದು. ಹೇಳಿದ್ದನ್ನೇ ಎರಡೆರಡು ಸಲ ಹೇಳಿದ್ದೆ, ಅದನ್ನು ತೆಗೆದಿದ್ದೇನೆ. ದಾರಿ ತಪ್ಪಿ ಎಲ್ಲೆಲ್ಲಿಗೋ ಹೋದದ್ದನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆ ಅಲ್ವಾ?

ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ. ಹೆದರಬೇಡಿ, ಕೈ ಎತ್ತಿದರೆ ಸಾಕು. 'ಹಲ್ಲಿ ಬಾಲಕ್ಕೆ ಹಗ್ಗ ಹೊಸೆದ ಹಾಗೆ' ಅಂತ ಒಂದು ಗಾದೆ ಇದೆ. ಯಾರು ಯಾರು ಕೇಳಿದ್ದೀರಿ?

(ಇಲ್ಲಿ ಏನಾಯಿತು ಅಂತ ಓದುವವರಿಗೆ ಹೇಳಬೇಕು. ಮೊದಲು ಮುಂದಿನ ಸಾಲಿನಲ್ಲಿ ಮೂರು ಕೈ ಎದ್ದವು. ಅನುಮಾನವೇ ಇಲ್ಲದ ಹಾಗೆ, ನೆಟ್ಟಗೆ. ಅವರ ಹಿಂದಿನ ಸಾಲಿನಲ್ಲಿ ಒಬ್ಬರು ಅತ್ತಿತ್ತ ನೋಡಿದರು, ಕೈಯನ್ನು ಕಿವಿಯ ಮಟ್ಟಕ್ಕೆ ತಂದು ಅಲ್ಲೇ ನಿಲ್ಲಿಸಿದರು. ಯಾರಾದರೂ ಕೇಳಿದರೆ ಕೂದಲು ಸರಿ ಮಾಡಿಕೊಂಡೆ ಅನ್ನಬಹುದು, ಅಷ್ಟೇ ಎತ್ತರ. ಪಕ್ಕದವರು ಅದನ್ನು ನೋಡಿ ತಮ್ಮ ಕೈ ಪೂರ್ತಿ ಎತ್ತಿದರು. ಅವರು ಎತ್ತಿದ್ದನ್ನು ನೋಡಿ ಇವರೂ ಪೂರ್ತಿ ಎತ್ತಿದರು. ಅರ್ಧ ನಿಮಿಷದಲ್ಲಿ ಸಭೆಯ ಮೂರರಲ್ಲಿ ಒಂದು ಪಾಲು ಕೈ ಮೇಲಿತ್ತು.)

ಸರಿ, ಕೈ ಇಳಿಸಿ. ಈಗ ನಿಜ ಹೇಳುತ್ತೇನೆ, ಬೈಯಬೇಡಿ. ಆ ಗಾದೆಯನ್ನು ನಿನ್ನೆ ರಾತ್ರಿ ಹಲ್ಲುಜ್ಜುವಾಗ ಗೋಡೆ ಮೇಲಿನ ಹಲ್ಲಿ ನೋಡಿ ನಾನೇ ಕಟ್ಟಿದ್ದು. ಮುಂದಿನ ಸಾಲಿನ ಮೂವರು ನನ್ನ ಸ್ನೇಹಿತರು, ಹೇಳಿಕೊಟ್ಟು ಕೂರಿಸಿದ್ದೆ. ಉಳಿದವರು ನಿಮ್ಮಷ್ಟಕ್ಕೆ ನೀವೇ ಎತ್ತಿದ್ದು.

ನೀವು ಸುಳ್ಳು ಹೇಳಿದಿರಿ ಅಂತ ನಾನು ಹೇಳುತ್ತಿಲ್ಲ. ಕೇಳಿದ ಹಾಗೆ ಅನ್ನಿಸಿರಬಹುದು. ಪಕ್ಕದವರು ಕೈ ಎತ್ತಿದ ಮೇಲೆ ಇನ್ನೂ ಜಾಸ್ತಿ ಅನ್ನಿಸಿರಬಹುದು. ಇವತ್ತಿನ ನನ್ನ ಮಾತೆಲ್ಲ ಆ ಅನ್ನಿಸುವುದರ ಬಗ್ಗೆಯೇ.

ಜನಪ್ರಿಯವಾದದ್ದರ ಹಿಂದೆ ಹೋಗುವವರನ್ನು ನಾವು ಕನ್ನಡದಲ್ಲಿ ಒಂದೇ ಏಟಿಗೆ ಹೊಡೆದು ಹಾಕುತ್ತೇವೆ: 'ಅವನು ಬಿಡಿ, ಗೆದ್ದೆತ್ತಿನ ಬಾಲ ಹಿಡಿಯುವವನು.' ಚುನಾವಣೆ ಫಲಿತಾಂಶದ ದಿನ ಈ ಮಾತು ನೂರು ಬಾಯಲ್ಲಿ ಬರುತ್ತದೆ. ಆದರೆ ಆ ಚಿತ್ರವನ್ನು ಒಂದು ಸಲ ನಿಧಾನವಾಗಿ ನೋಡಿ. ಎತ್ತು ಗೆದ್ದಾಗಿದೆ. ಓಡಿದ್ದು ಎತ್ತು, ಓಡಿಸಿದವನು ಬೇರೆ, ವರ್ಷವಿಡೀ ಮೇವು ಹಾಕಿ ಮೈ ತೊಳೆದವನು ಇನ್ನೂ ಬೇರೆ. ನಮ್ಮ ಮಹಾಶಯ ಇದೆಲ್ಲ ಮುಗಿದ ಮೇಲೆ ಬಂದು ಹಿಡಿಯುತ್ತಾನಲ್ಲ, ಹಿಡಿಯುವುದು ಕೊಂಬನ್ನಲ್ಲ, ಮೂಗುದಾರವನ್ನೂ ಅಲ್ಲ. ಬಾಲವನ್ನು! ಎತ್ತು ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ಬಾಲ ಹಿಡಿದವನಿಗೆ ಒಂದು ಚೂರೂ ಮಾತಿಲ್ಲ. ಎತ್ತಿಗೆ ಅವನು ಯಾರು ಅಂತಲೂ ಗೊತ್ತಿಲ್ಲ. ಒದ್ದರೆ ಮೊದಲು ಬೀಳುವುದು ಅವನಿಗೇ. ಈ ಮಾತನ್ನು ಮೊದಲು ಆಡಿದವರು ಯಾರೋ ಗೊತ್ತಿಲ್ಲ, ದನದ ಹಿಂದೆ ನಿಂತು ಅಭ್ಯಾಸ ಇದ್ದವರಂತೂ ಹೌದು.

ತಮಾಷೆ ಅಂದರೆ, ಇಂಥವರಿಗೆ ನಮ್ಮಲ್ಲಿ ಇರುವುದು ಇದೊಂದೇ ಮಾತಲ್ಲ. ಗುಂಪಿನಲ್ಲಿ ಗೋವಿಂದ ಅನ್ನುತ್ತೇವೆ. ಇದು ಬೇರೆಯದೇ ಆಸಾಮಿ. ಇವನಿಗೆ ಲಾಭ ಬೇಕಾಗಿಲ್ಲ. ಎಲ್ಲರೂ ಗೋವಿಂದ ಅಂತಿದ್ದಾರೆ, ನಾನೂ ಅಂದರೆ ಆಯಿತು, ತಪ್ಪಾದರೆ ಎಲ್ಲರದೂ ತಪ್ಪು. ಬಾಯಿ ಮಾತ್ರ ಆಡಿಸಿ ದನಿ ಹೊರಡಿಸದೆ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವ ನೆಮ್ಮದಿ ಅವನದು.

ಇನ್ನೊಂದು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇವನು ಪಾಪ ನಂಬಿದವನು. ಬಂದ ಸುದ್ದಿಯನ್ನು ಒಂದು ಕ್ಷಣ ನಿಲ್ಲಿಸಿ 'ಎತ್ತು ಈಯುತ್ತದಾ ಮಾರಾಯ' ಅಂತ ಕೇಳಲಿಲ್ಲ, ಅಷ್ಟೇ ಅವನ ತಪ್ಪು.

ಮತ್ತೆ, ಗಾಳಿ ಬಂದಾಗ ತೂರಿಕೋ. ಇದನ್ನು ಸುಮಾರು ಜನ ಗೆದ್ದೆತ್ತಿನ ಬಾಲದ ಜೊತೆಗೇ ಬೈಗುಳವಾಗಿ ಬಳಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ತೂರುವವನ ಹತ್ತಿರ ಅವನದೇ ರಾಶಿ ಇದೆ. ಬೆಳೆದಿದ್ದಾನೆ, ಕೊಯ್ದಿದ್ದಾನೆ, ಒಕ್ಕಿದ್ದಾನೆ. ಗಾಳಿಗೆ ಕಾಯುತ್ತಿದ್ದ, ಬಂತು, ತೂರಿಕೊಂಡ. ಹೊಟ್ಟು ಹಾರಿತು, ಕಾಳು ಉಳಿಯಿತು. ಕಾಳೇ ಇಲ್ಲದವನು ಅದೇ ಗಾಳಿಯಲ್ಲಿ ಮೊರ ಹಿಡಿದು ನಿಂತರೆ ಅದು ಬೇರೆ ವಿಷಯ.

ಇವರನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ ಬೈಯುವುದು ಸುಲಭ. ಆದರೆ ಒಬ್ಬ ಲಾಭಕ್ಕೆ ಹೋದ, ಒಬ್ಬ ಭಯಕ್ಕೆ ಹೋದ, ಒಬ್ಬ ನಂಬಿ ಹೋದ, ಒಬ್ಬ ತನ್ನ ಕೆಲಸಕ್ಕೆ ಹೋದ. ದೂರದಿಂದ ನೋಡಿದವರಿಗೆ ಮಾತ್ರ ಎಲ್ಲ ಒಂದೇ ದಿಕ್ಕಿಗೆ ಓಡುವ ಕಾಲು.

ಇಂಗ್ಲಿಷ್‌ನವರು ಇದಕ್ಕೆಲ್ಲ ಸೇರಿಸಿ ಬ್ಯಾಂಡ್ ವ್ಯಾಗನ್ ಹತ್ತುವುದು ಅನ್ನುತ್ತಾರೆ. ಅದು ಅಮೆರಿಕದ ಸರ್ಕಸ್ಸಿನಿಂದ ಬಂದ ಮಾತು. ಆಗ ಸರ್ಕಸ್ಸು ಒಂದು ಊರಿಗೆ ಬಂದರೆ ಮೊದಲು ಬೀದಿಯಲ್ಲಿ ಮೆರವಣಿಗೆ. ಆ ಮೆರವಣಿಗೆಯಲ್ಲಿ ಬಣ್ಣ ಬಳಿದು ಅಲಂಕಾರ ಮಾಡಿದ ದೊಡ್ಡ ಗಾಡಿ, ಅದರ ಮೇಲೆ ವಾದ್ಯದವರು. ಅದೇ ಬ್ಯಾಂಡ್ ವ್ಯಾಗನ್. ಸರ್ಕಸ್ ಮಾಲೀಕ ಪಿ. ಟಿ. ಬಾರ್ನಮ್ 1855ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಈ ಪದ ಇದೆ, ಆದರೆ ಅಲ್ಲಿ ಅದು ಬರೀ ಗಾಡಿ. ಮುಂದೆ ರಾಜಕಾರಣಿಗಳೂ ಪ್ರಚಾರಕ್ಕೆ ಇಂಥ ಗಾಡಿ ಹತ್ತಿದರು, ಯಾಕೆಂದರೆ ವಾದ್ಯ ಎಲ್ಲಿದೆಯೋ ಜನ ಅಲ್ಲಿ. 1899ರ ಹೊತ್ತಿಗೆ ಮಾತು ಪೂರ್ತಿ ತಿರುಗಿತ್ತು. ಆಗ ನ್ಯೂಯಾರ್ಕ್ ಗವರ್ನರ್ ಆಗಿದ್ದ ಥಿಯೋಡರ್ ರೂಸ್‌ವೆಲ್ಟ್ ಒಂದು ಪತ್ರದಲ್ಲಿ, ತನಗೆ ಬಹುಮತ ಖಾತ್ರಿ ಆದದ್ದೇ ತಡ, ಒಬ್ಬರ ಮೇಲೊಬ್ಬರು ಬಿದ್ದು ಬ್ಯಾಂಡ್ ವ್ಯಾಗನ್ ಹತ್ತಲು ಬಂದರು ಅನ್ನುವ ಅರ್ಥದ ಮಾತು ಬರೆದಿದ್ದಾರೆ. ಗಾಡಿ ಹೋಗಿ ಗೆಲ್ಲುವವರ ಪಕ್ಷ ಆಯಿತು.

ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅವರದರಲ್ಲಿ ಹತ್ತಿದವನಿಗೆ ಕೂರಲು ಜಾಗ ಇದೆ, ಸಂಗೀತ ಇದೆ, ಜನ ಕೈ ಬೀಸುತ್ತಾರೆ. ನಮ್ಮದರಲ್ಲಿ ಹಿಡಿದವನಿಗೆ ಬಾಲ ಇದೆ, ಸಗಣಿ ಇದೆ. ನನಗೆ ನಮ್ಮದೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ.

ಇರಲಿ. ಈಗ ಕೈ ಎತ್ತಿದ ವಿಷಯಕ್ಕೆ ಬರುತ್ತೇನೆ. ನಾನು ಮಾಡಿದ್ದು ಹೊಸದೇನಲ್ಲ. ಸೋಲೋಮನ್ ಆಶ್ ಅನ್ನುವ ಮನಶ್ಶಾಸ್ತ್ರಜ್ಞ 1950ರ ಸುಮಾರಿಗೆ ಅಮೆರಿಕದಲ್ಲಿ ಇದನ್ನು ಅಚ್ಚುಕಟ್ಟಾಗಿ ಮಾಡಿದ್ದರು. ಎರಡು ಕಾರ್ಡು. ಒಂದರಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು ಗೆರೆ. ಆ ಮೂರರಲ್ಲಿ ಯಾವುದು ಮೊದಲನೆಯದರಷ್ಟೇ ಉದ್ದ, ಹೇಳಿ. ಮಕ್ಕಳೂ ಹೇಳುವಂಥ ಪ್ರಶ್ನೆ. ಸಾಲಾಗಿ ಕೂತ ಕಾಲೇಜು ಹುಡುಗರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಅವರ ಕಡೆಯವರು. ಮೊದಲೆರಡು ಸುತ್ತು ಎಲ್ಲರೂ ಸರಿ ಹೇಳುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ, ಮುಖದಲ್ಲಿ ಏನೂ ತೋರಿಸದೆ, ಕಣ್ಣಿಗೆ ರಾಚುವಂಥ ತಪ್ಪು ಉತ್ತರವನ್ನೇ ಹೇಳುತ್ತಾ ಬರುತ್ತಾರೆ. ಇವನ ಸರದಿ ಕೊನೆಯ ಹತ್ತಿರ ಬರುವ ಹಾಗೆ ಕೂರಿಸಿರುತ್ತಾರೆ.

ಆ ಹುಡುಗನ ಜಾಗದಲ್ಲಿ ಕೂತು ನೋಡಿ. ಮೊದಲನೆಯವನು ತಪ್ಪು ಹೇಳಿದಾಗ ನಗು ಬರುತ್ತದೆ. ಎರಡನೆಯವನು ಅದನ್ನೇ ಹೇಳಿದಾಗ ಮತ್ತೊಂದು ಸಲ ಕಾರ್ಡು ನೋಡುತ್ತೀರಿ. ಮೂರನೆಯವನು ಹೇಳಿದಾಗ ಕಾರ್ಡು ನೋಡುವುದು ಬಿಟ್ಟು ನಿಮ್ಮ ಕನ್ನಡಕ ಸರಿ ಮಾಡಿಕೊಳ್ಳುತ್ತೀರಿ. ನಿಮ್ಮ ಸರದಿ ಬರುವಷ್ಟರಲ್ಲಿ ಪ್ರಶ್ನೆ ಗೆರೆಯದಾಗಿ ಉಳಿದಿರುವುದಿಲ್ಲ, ನನಗೇನಾಗಿದೆ ಅನ್ನುವುದು ಪ್ರಶ್ನೆ ಆಗಿರುತ್ತದೆ.

18 ಸುತ್ತುಗಳಲ್ಲಿ 12 ಸುತ್ತು ಹೀಗೆ ಬೇಕಂತಲೇ ತಪ್ಪು ಹೇಳಿಸಿದ್ದರು. ಆ ಸುತ್ತುಗಳಲ್ಲಿ ಪಾಪದ ಹುಡುಗರು ಕೊಟ್ಟ ಉತ್ತರಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗುಂಪಿನ ತಪ್ಪು ಉತ್ತರವೇ. ನಾಲ್ಕರಲ್ಲಿ ಮೂರು ಜನ ಒಂದು ಸಲವಾದರೂ ಜಾರಿದರು. ಒಂಟಿಯಾಗಿ ಕೂತು ಉತ್ತರಿಸುವಾಗ ಹೆಚ್ಚುಕಮ್ಮಿ ಯಾರೂ ತಪ್ಪು ಮಾಡಿರಲಿಲ್ಲ.

ಎಲ್ಲರೂ ಇಲ್ಲಿಗೆ ನಿಲ್ಲಿಸಿ 'ನೋಡಿದಿರಾ, ಮನುಷ್ಯ ಕುರಿ' ಅಂತ ಹೇಳಿ ಹೋಗುತ್ತಾರೆ. ನನಗೆ ಅದು ಅರ್ಧ ಕಥೆ. ಉತ್ತರಗಳಲ್ಲಿ ಮೂರನೇ ಒಂದು ಭಾಗ ಜಾರಿತು ಅಂದರೆ ಮೂರನೇ ಎರಡು ಭಾಗ ಜಾರಲಿಲ್ಲ ಅಂತ ತಾನೇ? ನಾಲ್ಕರಲ್ಲಿ ಒಬ್ಬ ಕೊನೆವರೆಗೂ ಒಂದು ಸಲವೂ ಬಗ್ಗಲಿಲ್ಲ. ಇದಕ್ಕಿಂತ ನನಗೆ ಇಷ್ಟವಾದದ್ದು ಇನ್ನೆರಡು ಸಂಗತಿ. ಒಂದು, ಎದುರಿಗೆ ಒಬ್ಬನೇ ತಪ್ಪು ಹೇಳಿದರೆ ಯಾರೂ ಕೇರ್ ಮಾಡಲಿಲ್ಲ, ಇಬ್ಬರಾದರೆ ಸ್ವಲ್ಪ ಅಲುಗಾಡಿದರು, ಮೂವರಾದರೆ ಪೂರ್ತಿ ಒತ್ತಡ ಬಂತು. ಅಲ್ಲಿಂದ ಮೇಲೆ ಎಷ್ಟು ಜನ ಸೇರಿಸಿದರೂ ದೊಡ್ಡ ವ್ಯತ್ಯಾಸ ಇಲ್ಲ. ನಾನು ಮುಂದಿನ ಸಾಲಿನಲ್ಲಿ ಮೂವರನ್ನೇ ಕೂರಿಸಿದ್ದು ಅದಕ್ಕೇ. ನಾಲ್ಕನೆಯವನನ್ನು ಕರೆದಿದ್ದರೆ ಅವನ ಆಟೋ ಖರ್ಚು ದಂಡ.

ಎರಡನೆಯದು, ಆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳುವವನನ್ನು ಸೇರಿಸಿದರೆ ಸಾಕು, ಜಾರುವುದು ಧಡಾರ್ ಅಂತ ಕಮ್ಮಿ ಆಗುತ್ತಿತ್ತು. ಇಡೀ ಗುಂಪು ಬದಲಾಗಬೇಕಾಗಿಲ್ಲ. ಪಕ್ಕದಲ್ಲಿ ಒಬ್ಬ.

ಸರಿ, ಅದು ನಾಚಿಕೆಯ ವಿಷಯ, ನಾಲ್ಕು ಜನರ ಮುಂದೆ ದಡ್ಡ ಅನ್ನಿಸಿಕೊಳ್ಳುವ ಭಯ. ಗುಂಪಿನಲ್ಲಿ ಗೋವಿಂದ. ಆದರೆ ನಾಚಿಕೆ, ಭಯ, ಲಾಭ ಯಾವುದೂ ಇಲ್ಲದೆ ಕೂಡ ನಾವು ಹಿಂದೆ ಹೋಗುತ್ತೇವೆ. 1969ರಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ನ್ಯೂಯಾರ್ಕಿನ ಒಂದು ಫುಟ್‌ಪಾತಿನಲ್ಲಿ ಸುಮ್ನೆ ಒಬ್ಬನನ್ನು ನಿಲ್ಲಿಸಿ ಎದುರು ಕಟ್ಟಡದ ಆರನೇ ಮಹಡಿಯ ಕಿಟಕಿ ನೋಡು ಅಂದರು. ಕಿಟಕಿಯಲ್ಲಿ ನೋಡುವಂಥದ್ದು ಏನೂ ಇಲ್ಲ. ಒಬ್ಬನೇ ನಿಂತಾಗ ಹಾದು ಹೋಗುವವರಲ್ಲಿ ನೂರಕ್ಕೆ 4 ಜನ ನಿಂತರು, ಆದರೆ ನಡೆಯುತ್ತಲೇ ತಲೆ ಎತ್ತಿ ನೋಡಿದವರೂ ಸೇರಿದರೆ ನೂರಕ್ಕೆ 42. ಹದಿನೈದು ಜನರನ್ನು ನಿಲ್ಲಿಸಿದಾಗ 40 ಜನ ನಿಂತೇ ಬಿಟ್ಟರು, 86 ಜನ ತಲೆ ಎತ್ತಿದರು. ಅಲ್ಲಿ ಯಾರಿಗೆ ಯಾರೂ ಗೊತ್ತಿಲ್ಲ, ನೋಡದೆ ಹೋದರೆ ಯಾರೂ ನಗುವುದಿಲ್ಲ. ಅಷ್ಟು ಜನ ನೋಡುತ್ತಿದ್ದಾರೆ ಅಂದರೆ ಏನೋ ಇರಬೇಕು ಅಂತ. ಇದು ದಡ್ಡತನ ಅಲ್ಲ. ಹತ್ತು ಜನ ಒಂದೇ ಕಡೆಯಿಂದ ಓಡಿ ಬರುತ್ತಿದ್ದರೆ ನಾನೂ ಮೊದಲು ಓಡುತ್ತೇನೆ, ಯಾಕೆ ಅಂತ ಆಮೇಲೆ ಕೇಳುತ್ತೇನೆ. ಬೆಂಕಿಯೋ ಹುಚ್ಚು ನಾಯಿಯೋ ಅಂತ ವಿಚಾರಿಸಲು ನಿಂತವರ ಮೊಮ್ಮಕ್ಕಳು ನಾವಲ್ಲ.

ಹಾಗಾದರೆ ಹಿಂದೆ ಹೋಗುವುದರಲ್ಲಿ ಗೋಳು ಎಲ್ಲಿದೆ? ನನ್ನ ಮಟ್ಟಿಗೆ, ಎಣಿಕೆಯಲ್ಲಿ.

ನನ್ನದೇ ಒಂದು ಕಥೆ ಹೇಳುತ್ತೇನೆ. ಒಂದು ಕಚೇರಿಗೆ ಅರ್ಜಿ ಕೊಡಲು ಹೋಗಿದ್ದೆ. ಯಾವ ಕಚೇರಿ ಅಂತ ಬೇಡ. ಎರಡು ಕೌಂಟರ್. ಒಂದರ ಮುಂದೆ ಇಪ್ಪತ್ತು ಜನರ ಕ್ಯೂ, ಇನ್ನೊಂದರ ಮುಂದೆ ಯಾರೂ ಇಲ್ಲ. ಖಾಲಿ ಇದ್ದ ಕೌಂಟರಿನ ಒಳಗೆ ಒಬ್ಬರು ಕೂತು ಪೆನ್ನಿನ ಮುಚ್ಚಳ ಹಾಕುವುದು ತೆಗೆಯುವುದು ಮಾಡುತ್ತಿದ್ದರು. ಅದು ಬಂದ್ ಇರಬೇಕು, ಇಲ್ಲವಾದರೆ ಇಷ್ಟು ಜನ ಇಲ್ಲಿ ಯಾಕೆ ನಿಲ್ಲುತ್ತಿದ್ದರು, ಅಂತ ಲೆಕ್ಕ ಹಾಕಿ ನಾನೂ ಇಪ್ಪತ್ತೊಂದನೆಯವನಾಗಿ ನಿಂತೆ. ನನ್ನ ಹಿಂದೆ ಇಪ್ಪತ್ತೆರಡನೆಯವರು ಬಂದರು. ಅವರು ಮೊದಲು ಖಾಲಿ ಕೌಂಟರ್ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಾನು ಬಹಳ ತಿಳಿದವನ ಹಾಗೆ ತಲೆ ಅಲ್ಲಾಡಿಸಿದೆ, ಇದೇ ಕ್ಯೂ ಅನ್ನುವ ಹಾಗೆ! ಮುಕ್ಕಾಲು ಗಂಟೆ ಆದ ಮೇಲೆ ಒಬ್ಬ ಹೆಂಗಸು ಕಂಕುಳಲ್ಲಿ ಮಗು ಇಟ್ಟುಕೊಂಡು ಬಂದವರು ಯಾರನ್ನೂ ನೋಡದೆ ನೇರ ಆ ಖಾಲಿ ಕೌಂಟರಿಗೆ ಹೋದರು, ಅರ್ಜಿ ಕೊಟ್ಟರು, ಸೀಲು ಹೊಡೆಸಿಕೊಂಡರು, ಹೊರಟರು. ಎರಡು ನಿಮಿಷ. ಇಡೀ ಕ್ಯೂ ಒಂದು ಸಲ ಆ ಕಡೆ ವಾಲಿತು.

ಒಳಗಿನವರನ್ನು 'ಸರ್, ನೀವಾದರೂ ಕರೆಯಬಾರದಿತ್ತಾ' ಅಂದೆ. 'ನೀವ್ಯಾರೂ ಕೇಳಲಿಲ್ಲವಲ್ಲ' ಅಂದರು. ಸಿಟ್ಟು ಬಂತು, ಆದರೆ ಅವರ ಮಾತಿಗೆ ಎದುರು ಹೇಳಲು ಏನೂ ಸಿಗಲಿಲ್ಲ.

ನೋಡಿ, ಆ ಕ್ಯೂನಲ್ಲಿ ಇಪ್ಪತ್ತು ಜನ ನಿಂತಿದ್ದಾರೆ ಅಂತ ನಾನು ನಂಬಿದೆ. ಇಪ್ಪತ್ತು ಜನ ವಿಚಾರಿಸಿ ನಿಂತಿದ್ದಾರೆ ಅಂತ ಲೆಕ್ಕ ಹಾಕಿದೆ. ವಿಚಾರಿಸಿದವರು ಬಹುಶಃ ಒಬ್ಬರೂ ಇರಲಿಲ್ಲ. ಮೊದಲನೆಯವರು ಬಾಗಿಲಿಗೆ ಹತ್ತಿರ ಅಂತ ಅಲ್ಲಿ ನಿಂತಿರಬಹುದು. ಎರಡನೆಯವರು ಅವರನ್ನು ನೋಡಿ. ಮೂರನೆಯವರಿಗೆ ಇಬ್ಬರ ಸಾಕ್ಷಿ ಸಿಕ್ಕಿತು. ನನಗೆ ಇಪ್ಪತ್ತು ಜನರ ಸಾಕ್ಷಿ ಸಿಕ್ಕ ಹಾಗೆ ಕಾಣಿಸಿತು, ಆದರೆ ಒಳಗೆ ಇದ್ದದ್ದು ಒಂದು ಬಾಗಿಲಿನ ಆಕಸ್ಮಿಕ, ಅಷ್ಟೇ. ತಲೆ ಇಪ್ಪತ್ತು, ಕಣ್ಣು ಸೊನ್ನೆ.

ಅರ್ಥಶಾಸ್ತ್ರದವರು ಇದನ್ನು 1992ರಲ್ಲಿ ಲೆಕ್ಕ ಮಾಡಿ ತೋರಿಸಿದರು. ಅಭಿಜಿತ್ ಬ್ಯಾನರ್ಜಿ, ಮುಂದೆ 2019ರಲ್ಲಿ ನೊಬೆಲ್ ಪಡೆದವರು, 1992ರಲ್ಲೇ ಬರೆದ ಒಂದು ಪ್ರಬಂಧದಲ್ಲಿ ಪಕ್ಕಪಕ್ಕದ ಎರಡು ಹೋಟೆಲಿನ ಉದಾಹರಣೆ ಕೊಟ್ಟಿದ್ದಾರೆ. ನೂರು ಜನ ಒಬ್ಬರಾದ ಮೇಲೆ ಒಬ್ಬರು ಊಟಕ್ಕೆ ಬರುತ್ತಾರೆ. ಅವರಲ್ಲಿ 99 ಜನರಿಗೆ ಎಡಗಡೆ ಹೋಟೆಲು ಚೆನ್ನಾಗಿದೆ ಅಂತ ತಮ್ಮ ತಮ್ಮ ಮೂಲದಿಂದ ಗೊತ್ತು. ಒಬ್ಬನಿಗೆ ಮಾತ್ರ ಬಲಗಡೆಯದು ಚೆನ್ನ ಅಂತ ತಪ್ಪು ಮಾಹಿತಿ. ಆ ಒಬ್ಬನೇ ಮೊದಲು ಬಂದರೆ? ಅವನು ಬಲಕ್ಕೆ ಹೋಗುತ್ತಾನೆ. ಎರಡನೆಯವಳಿಗೆ ಗೊಂದಲ, ತನ್ನ ಮಾಹಿತಿ ಎಡ ಅನ್ನುತ್ತದೆ, ಎದುರಿಗೆ ಕಂಡದ್ದು ಬಲ. ಎರಡೂ ಸಮ ಆದ ಮೇಲೆ ಮೊದಲೇ ಬಲದ ಕಡೆ ಸ್ವಲ್ಪ ಒಲವಿದ್ದರೆ ಅವಳೂ ಬಲಕ್ಕೆ. ಮೂರನೆಯವರಿಗೆ ಈಗ ಇಬ್ಬರು ಕಾಣುತ್ತಾರೆ, ತನ್ನ ಮಾಹಿತಿ ಒಂದೇ. ಮುಗಿಯಿತು, ಅಲ್ಲಿಂದ ಮುಂದೆ ನೂರೂ ಜನ ಬಲಕ್ಕೆ. ಯಾರೂ ದಡ್ಡರಲ್ಲ, ಪ್ರತಿಯೊಬ್ಬರೂ ತಮಗೆ ಕಂಡದ್ದನ್ನು ಸರಿಯಾಗಿಯೇ ತೂಗಿದ್ದಾರೆ. ಆದರೂ ಒಳ್ಳೆ ಹೋಟೆಲು ಖಾಲಿ. 99 ಜನರ ತಿಳಿವಳಿಕೆ ಅವರ ಜೇಬಿನಲ್ಲೇ ಉಳಿಯಿತು, ಹೊರಗೆ ಬರಲೇ ಇಲ್ಲ.

ನಮ್ಮ ಗಾದೆಗೆ ಇಲ್ಲಿ ಒಂದು ಸಣ್ಣ ತಿದ್ದುಪಡಿ ಬೇಕು ಅಂತ ನನಗೆ ಅನ್ನಿಸುತ್ತದೆ. ಗೆದ್ದೆತ್ತಿನ ಬಾಲ ಹಿಡಿಯುತ್ತಾರೆ ಅನ್ನುತ್ತೇವೆ, ಎತ್ತು ನಿಜವಾಗಿ ಗೆದ್ದಿದೆ ಅನ್ನುವುದನ್ನು ಮೊದಲೇ ಒಪ್ಪಿಕೊಂಡು. ಆದರೆ ಸುಮಾರು ಸಲ ಬಾಲಕ್ಕೆ ಕೈ ಜಾಸ್ತಿ ಇದೆ ಅನ್ನುವ ಕಾರಣಕ್ಕೇ ಆ ಎತ್ತನ್ನು ಗೆದ್ದದ್ದು ಅಂತ ಕರೆಯುತ್ತೇವೆ.

ಸುಮ್ನೆ ಹೇಳುತ್ತಿಲ್ಲ. 2006ರಲ್ಲಿ ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಅನ್ನುವ ಮೂವರು ಇದನ್ನು ಹಾಡಿನ ಮೇಲೆ ಪರೀಕ್ಷೆ ಮಾಡಿದ್ದರು. ಯಾರಿಗೂ ಗೊತ್ತಿಲ್ಲದ ತಂಡಗಳ 48 ಹಾಡು, ಇಂಟರ್ನೆಟ್ಟಿನಲ್ಲಿ 14,000ಕ್ಕೂ ಜಾಸ್ತಿ ಕೇಳುಗರು. ಕೆಲವರಿಗೆ ಹಾಡಿನ ಪಟ್ಟಿ ಮಾತ್ರ. ಉಳಿದವರನ್ನು ಎಂಟು ಬೇರೆ ಬೇರೆ ಲೋಕಗಳಿಗೆ ಹಂಚಿದರು, ಒಂದು ಲೋಕದವರಿಗೆ ಆ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಅನ್ನುವ ಎಣಿಕೆ ಕಾಣುತ್ತದೆ, ಬೇರೆ ಲೋಕದ್ದು ಕಾಣುವುದಿಲ್ಲ. ಹಾಡುಗಳು ಅವೇ, ಶುರುವಿನಲ್ಲಿ ಎಲ್ಲದಕ್ಕೂ ಸೊನ್ನೆ. ಆದರೆ ಎಂಟು ಲೋಕದಲ್ಲಿ ಎಂಟು ಥರದ ಗೆಲುವು. ಒಂದು ಹಾಡು ಒಂದು ಲೋಕದಲ್ಲಿ 1ನೇ ಸ್ಥಾನ, ಇನ್ನೊಂದರಲ್ಲಿ 40ನೇ ಸ್ಥಾನ! ತೀರಾ ಒಳ್ಳೆಯದು ತೀರಾ ಕೆಳಗೆ ಹೋಗುವುದು ಅಪರೂಪ, ತೀರಾ ಕೆಟ್ಟದ್ದು ತೀರಾ ಮೇಲೆ ಬರುವುದೂ ಅಪರೂಪ, ನಡುವೆ ಇದ್ದದ್ದು ಎಲ್ಲಿ ಬೇಕಾದರೂ ಹೋಗಬಹುದು. ಆ ಹಾಡು ಕಟ್ಟಿದವರನ್ನು ನೆನೆಸಿಕೊಳ್ಳಿ. ಒಂದು ಲೋಕದಲ್ಲಿ ಅವರನ್ನು ಕರೆದು ನಿಮ್ಮ ಯಶಸ್ಸಿನ ಗುಟ್ಟೇನು ಅಂತ ಕೇಳುತ್ತಿದ್ದರು, ಅವರೂ ಗಂಭೀರವಾಗಿ ಏನೋ ಒಂದು ಹೇಳುತ್ತಿದ್ದರು.

ಮೊದಲ ಕೆಲವು ಕೈ ಅಷ್ಟು ಮುಖ್ಯ ಅಂತ ಗೊತ್ತಾದ ಮೇಲೆ ಅವನ್ನು ದುಡ್ಡು ಕೊಟ್ಟು ತರಿಸುವವರು ಇರುವುದಿಲ್ಲವೇ? ಇದೇನು ಇವತ್ತಿನ ಲೈಕು, ಫಾಲೋವರ್ ಕಾಲದ್ದಲ್ಲ. ರೋಮ್ ದೊರೆ ನೀರೋಗೆ ಹಾಡುವ ಹುಚ್ಚು. ಅವನ ಹಾಡಿಗೆ ಚಪ್ಪಾಳೆ ತಟ್ಟಲು 5,000ಕ್ಕೂ ಜಾಸ್ತಿ ಗಟ್ಟಿಮುಟ್ಟಾದ ಹುಡುಗರಿಗೆ ತರಬೇತಿ ಕೊಡಿಸಿದ್ದ ಅಂತ ರೋಮಿನ ಇತಿಹಾಸಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಚಪ್ಪಾಳೆಯಲ್ಲೂ ಬಗೆ ಬಗೆ, ಒಂದಕ್ಕೆ ಜೇನಿನ ಗುಂಯ್‌ಗುಡುವಿಕೆಯ ಹೆಸರು, ಒಂದಕ್ಕೆ ಹೆಂಚಿನ ಹೆಸರು, ಒಂದಕ್ಕೆ ಇಟ್ಟಿಗೆಯ ಹೆಸರು. 19ನೇ ಶತಮಾನದ ಪ್ಯಾರಿಸ್ಸಿನ ರಂಗಮಂದಿರಗಳಲ್ಲಂತೂ ಇದೊಂದು ಕಸುಬೇ ಆಗಿತ್ತು. ಕ್ಲಾಕ್ ಅಂತ ಅದರ ಹೆಸರು, ಅದಕ್ಕೊಬ್ಬ ಮುಖ್ಯಸ್ಥ. ನಗುವುದಕ್ಕೆ ಬೇರೆ ಜನ, ಕರ್ಚೀಫು ಹಿಡಿದು ಅಳುವುದಕ್ಕೆ ಬೇರೆ ಜನ, ಒನ್ಸ್ ಮೋರ್ ಕೂಗುವುದಕ್ಕೆ ಬೇರೆ ಜನ. ದುಡ್ಡು ಕೊಟ್ಟದ್ದು ಮೊದಲ ಹತ್ತು ಚಪ್ಪಾಳೆಗೆ ಮಾತ್ರ, ಉಳಿದ ಐನೂರು ಪುಕ್ಕಟೆ.

ದುಡ್ಡಿನ ಮಾತು ಬಂತು, ಒಂದು ಉದಾಹರಣೆ ಹೇಳಿಬಿಡುತ್ತೇನೆ, ಇದನ್ನು ಹೇಳದೆ ಇರಲು ನನ್ನಿಂದ ಆಗುವುದಿಲ್ಲ. 2017ರ ಡಿಸೆಂಬರಿನಲ್ಲಿ ಬಿಟ್‌ಕಾಯಿನ್ ಹುಚ್ಚು ನೆತ್ತಿಗೇರಿತ್ತು. ಆಗ ಅಮೆರಿಕದಲ್ಲಿ ಲಾಂಗ್ ಐಲ್ಯಾಂಡ್ ಐಸ್ಡ್ ಟೀ ಅನ್ನುವ ಕಂಪನಿ, ಹೆಸರೇ ಹೇಳುವ ಹಾಗೆ ಬಾಟಲಿಯಲ್ಲಿ ತಂಪು ಟೀ ಮಾರುವವರು, ತಮ್ಮ ಹೆಸರನ್ನು ಲಾಂಗ್ ಬ್ಲಾಕ್‌ಚೈನ್ ಅಂತ ಬದಲಾಯಿಸುತ್ತೇವೆ ಅಂದರು. ಬಿಟ್‌ಕಾಯಿನ್ ನಡೆಯುವುದೇ ಬ್ಲಾಕ್‌ಚೈನ್ ಅನ್ನುವ ತಂತ್ರಜ್ಞಾನದ ಮೇಲೆ. ಷೇರಿನ ಬೆಲೆ ಒಂದೇ ದಿನದಲ್ಲಿ ಎರಡು ಪಟ್ಟು ದಾಟಿ ಹಾರಿತು. ಬಾಟಲಿಯಲ್ಲಿ ಇದ್ದದ್ದು ಮಾತ್ರ ನಿನ್ನೆಯ ಟೀಯೇ. ಮುಂದಿನ ವರ್ಷವೇ ನ್ಯಾಸ್‌ಡ್ಯಾಕ್ ಷೇರುಪೇಟೆ ಆ ಷೇರನ್ನು ಹೊರಗೆ ಹಾಕಿತು. ಕಾಳಿಲ್ಲದೆ ಮೊರ ಹಿಡಿದು ನಿಂತವರು ಅಂದೆನಲ್ಲ, ಇವರೇ ನೋಡಿ. ಇದೂ ಮೊದಲಲ್ಲ. 1990ರ ದಶಕದ ಕೊನೆಯಲ್ಲಿ ಕಂಪನಿಗಳು ಹೆಸರಿನ ಕೊನೆಗೆ ಡಾಟ್ ಕಾಮ್ ಅಂಟಿಸಿಕೊಂಡರೆ ಸಾಕು, ಬೆಲೆ ಏರುತ್ತಿತ್ತು, ಇಂಟರ್ನೆಟ್ಟಿಗೂ ಅವರ ವ್ಯವಹಾರಕ್ಕೂ ಸಂಬಂಧ ಇಲ್ಲದಿದ್ದರೂ.

ಜಾಣರು ಇದಕ್ಕೆಲ್ಲ ಬೀಳುವುದಿಲ್ಲ ಅನ್ನುವವರು ನ್ಯೂಟನ್ ಕಥೆ ಕೇಳಬೇಕು. 1720ರಲ್ಲಿ ಲಂಡನ್ನಿನಲ್ಲಿ ಸೌತ್ ಸೀ ಕಂಪನಿಯ ಷೇರು ಏರುತ್ತಿತ್ತು. ನ್ಯೂಟನ್ ಹತ್ತಿರವೂ ಇತ್ತು. ಏರಿದಾಗ ಮಾರಿ ಲಾಭ ಮಾಡಿಕೊಂಡರು. ಸರಿಯಾದ ಕೆಲಸ. ಆದರೆ ಮಾರಿದ ಮೇಲೂ ಅದು ಏರುತ್ತಲೇ ಹೋಯಿತು, ಸುತ್ತಮುತ್ತಲಿನವರೆಲ್ಲ ಶ್ರೀಮಂತರಾಗುವುದನ್ನು ನೋಡುತ್ತಾ ಕೂರಲು ಆಗಲಿಲ್ಲ, ಮತ್ತೆ ಕೊಂಡರು, ಈ ಸಲ ಜಾಸ್ತಿ ಬೆಲೆಗೆ. ವರ್ಷದ ಶುರುವಿನಲ್ಲಿ 130 ಪೌಂಡಿನ ಆಸುಪಾಸು ಇದ್ದ ಷೇರು ಬೇಸಿಗೆಯಲ್ಲಿ 1,000ದ ಹತ್ತಿರ ಹೋಗಿ, ವರ್ಷ ಮುಗಿಯುವಷ್ಟರಲ್ಲಿ ಹೆಚ್ಚುಕಮ್ಮಿ ಹೊರಟ ಜಾಗಕ್ಕೇ ಬಂದು ಬಿತ್ತು. ಮೊದಲ ಸಲ ಮಾರಿದ ನ್ಯೂಟನ್ನಿಗೂ ಎರಡನೇ ಸಲ ಕೊಂಡ ನ್ಯೂಟನ್ನಿಗೂ ಬುದ್ಧಿ ಒಂದೇ. ನಡುವೆ ಬಂದದ್ದು ಪಕ್ಕದ ಮನೆಯವರು.

ಇಷ್ಟು ಹೇಳಿದ ಮೇಲೆ ಒಂದು ಥರದ ಜನಕ್ಕೆ ಖುಷಿ ಆಗುತ್ತದೆ. 'ನಾನಂತೂ ಯಾವತ್ತೂ ಗುಂಪಿನಲ್ಲಿ ಹೋಗುವುದಿಲ್ಲಪ್ಪ, ಎಲ್ಲರೂ ನೋಡಿದ್ದನ್ನು ನಾನು ನೋಡುವುದೇ ಇಲ್ಲ.' ಇವರ ಬಗ್ಗೆಯೂ ಒಂದು ಮಾತು. 1950ರಲ್ಲಿ ಹಾರ್ವಿ ಲೈಬನ್‌ಸ್ಟೈನ್ ಅನ್ನುವ ಅರ್ಥಶಾಸ್ತ್ರಜ್ಞ ಬ್ಯಾಂಡ್ ವ್ಯಾಗನ್ ಪರಿಣಾಮದ ಬಗ್ಗೆ ಬರೆದಾಗ ಅದರ ಪಕ್ಕದಲ್ಲೇ ಇವರನ್ನೂ ಕೂರಿಸಿದ್ದರು. ಎಲ್ಲರೂ ಕೊಳ್ಳುತ್ತಿದ್ದಾರೆ ಅಂತ ಕೊಳ್ಳುವವನು ಒಬ್ಬ, ಎಲ್ಲರೂ ಕೊಳ್ಳುತ್ತಿದ್ದಾರೆ ಅಂತ ಬಿಡುವವನು ಇನ್ನೊಬ್ಬ. ಇಬ್ಬರೂ ವಸ್ತುವನ್ನು ನೋಡುತ್ತಿಲ್ಲ, ಇಬ್ಬರ ಕಣ್ಣೂ ಗುಂಪಿನ ಮೇಲೆಯೇ. ನಾನೂ ಕಾಲೇಜಿನಲ್ಲಿ ಇದೇ ಜಾತಿ. ಇಷ್ಟವಾಗಿದ್ದ ಹಾಡನ್ನು ಎಲ್ಲರೂ ಗುನುಗಲು ಶುರು ಮಾಡಿದ ಮೇಲೆ ಈಗ ಅದು ಕೆಟ್ಟು ಹೋಯಿತು ಅನ್ನುತ್ತಿದ್ದೆ. ಹಾಡು ಒಂದು ಸ್ವರವೂ ಬದಲಾಗಿರಲಿಲ್ಲ.

ಮಾತು ಮುಗಿದ ಮೇಲೆ ಒಂದೆರಡು ಪ್ರಶ್ನೆ ಬಂದವು. ಮುಖ್ಯವಾದದ್ದು ಹಿಂದೆ ಕೂತಿದ್ದ ಒಬ್ಬರು ಮೇಡಂ ಕೇಳಿದ್ದು. 'ಹಾಗಾದರೆ ಎಲ್ಲವನ್ನೂ ನಾವೇ ಪರೀಕ್ಷೆ ಮಾಡಿ ನೋಡಬೇಕಾ ಸರ್? ಹೊಸ ಫೋನು ಕೊಳ್ಳಬೇಕಾದರೆ ನಾಲ್ಕು ಜನರನ್ನು ಕೇಳದೆ ಹೇಗೆ?' ಕೇಳಬೇಕು ಅಂದೆ. ಕೇಳುವಾಗ ಒಂದು ಪ್ರಶ್ನೆ ಜಾಸ್ತಿ ಕೇಳಿ: ನೀವು ಬಳಸಿ ನೋಡಿ ಹೇಳುತ್ತಿದ್ದೀರಾ, ಕೇಳಿ ಹೇಳುತ್ತಿದ್ದೀರಾ? ನಾಲ್ಕರಲ್ಲಿ ಮೂವರು ಕೇಳಿ ಹೇಳಿದವರಾದರೆ, ಆ ಮೂವರೂ ನಾಲ್ಕನೆಯವರನ್ನೇ ಕೇಳಿದ್ದರೆ, ನಿಮ್ಮ ಕೈಯಲ್ಲಿ ಇರುವುದು ನಾಲ್ಕು ಅಭಿಪ್ರಾಯ ಅಲ್ಲ, ಒಂದು. ಆ ಒಬ್ಬರು ನಂಬುವಂಥವರಾದರೆ ಆರಾಮವಾಗಿ ಹಿಂದೆ ಹೋಗಿ, ನಾನು ಅಡ್ಡ ಬರುವುದಿಲ್ಲ.

ಒಬ್ಬ ಹುಡುಗಿ, ಹೈಸ್ಕೂಲ್ ಇರಬಹುದು, ಎದ್ದು ನಿಂತು, 'ಸರ್, ನಾನು ಕೈ ಎತ್ತಲಿಲ್ಲ' ಅಂದಳು. ಭೇಷ್ ಅಂದೆ. 'ಎತ್ತಬೇಕು ಅಂತಲೇ ಇದ್ದೆ ಸರ್, ಪಕ್ಕದಲ್ಲಿ ಅಮ್ಮ ಎತ್ತಿರಲಿಲ್ಲ' ಅಂದಳು. ಇಡೀ ಸಭೆ ನಕ್ಕಿತು, ಅಮ್ಮನೂ. ಆಶ್ ಪ್ರಯೋಗದ ಆ ಒಬ್ಬ ಜೊತೆಗಾರನ ಬಗ್ಗೆ ನಾನು ಹತ್ತು ನಿಮಿಷ ಮಾತಾಡಿದ್ದೆ, ಇವಳು ಒಂದು ಸಾಲಿನಲ್ಲಿ ಹೇಳಿಬಿಟ್ಟಳು.

ಕೊನೆಗೆ ಎಲ್ಲ ಮುಗಿದು ಚಪ್ಪಲಿ ಹುಡುಕುತ್ತಿದ್ದಾಗ ಹಿರಿಯರೊಬ್ಬರು ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು. 'ಮಾತು ಚೆನ್ನಾಗಿತ್ತು. ಆದರೆ ಆ ಹಲ್ಲಿ ಬಾಲದ ಗಾದೆ ನೀವು ಕಟ್ಟಿದ್ದು ಅಂದಿರಲ್ಲ, ಅದು ತಪ್ಪು. ನಮ್ಮ ಅಜ್ಜಿ ಹೇಳುತ್ತಿದ್ದರು.' ಇಲ್ಲ ಸರ್, ನಿನ್ನೆ ರಾತ್ರಿ ನಾನೇ ಅಂದೆ. ಅವರು ಬಹಳ ಕನಿಕರದಿಂದ ನನ್ನನ್ನು ನೋಡಿ, 'ಹಲ್ಲಿ ಬಾಲ ಉದುರಿ ಹೋಗುತ್ತದೆ, ಅದಕ್ಕೆ ಹಗ್ಗ ಹೊಸೆದು ಏನು ಪ್ರಯೋಜನ, ಅರ್ಥ ಕೂಡ ಸರಿ ಇದೆ ನೋಡಿ' ಅಂದರು. ಅವರ ಜೊತೆ ಇದ್ದ ಇನ್ನೊಬ್ಬರು ಹೌದು ಹೌದು, ನಾನೂ ಕೇಳಿದ್ದೇನೆ ಅಂದರು. ಚಪ್ಪಲಿ ಸಿಕ್ಕಿತು, ಮೆಟ್ಟಿಕೊಂಡೆ. ಅಷ್ಟರಲ್ಲಿ ಮೂರನೆಯವರೊಬ್ಬರು ನಮ್ಮ ಕಡೆಗೇ ಬರುತ್ತಿದ್ದರು, ಬೇಗ ಹೊರಟುಬಿಟ್ಟೆ.